ಬೈಲುಕೋಡಿಯ ಗೊಬ್ಬರ

ಬೈಲುಕೋಡಿ
12 ನವೆಂಬರ್ 2023

ಪ್ರೀತಿಯ ಅಕ್ಕನಿಗೆ ಯೋಗೇಂದ್ರನ ನಮಸ್ಕಾರಗಳು.

ಮೊನ್ನೆ ಫೋನಿನಲ್ಲಿ ನಾನು ಹೇಳಿದ್ದು ನಿನಗೆ ಒಂದೂ ಕೇಳಿಸಲಿಲ್ಲ ಎಂದು ಗೊತ್ತಾಯಿತು. ನಾನು "ಊಟ ಆಯ್ತಾ" ಎಂದರೆ ನೀನು "ಮಳೆ ಬಿಟ್ಟಿದೆ" ಎಂದೆ. ಪಕ್ಕದ ಮನೆಯ ಗಿರಿಯಮ್ಮಕ್ಕನ ಕೈಗೆ ಫೋನ್ ಕೊಟ್ಟರೆ ನಮ್ಮ ಸುದ್ದಿ ಕೇರಿಯ ಎಂಟು ಮನೆಗೂ ಹಂಚಿಹೋಗುತ್ತದೆ. ಹಾಗಾಗಿ ಇನ್ನು ಕಾಗದವೇ ಸರಿ. ಅಮ್ಮ ಹೋದ ಮೇಲೆ ನನ್ನ ಕೈಹಿಡಿದು ಅಕ್ಷರ ತಿದ್ದಿಸಿದವಳು ನೀನು. ನಿನಗೇ ಬರೆಯದೆ ಇನ್ನು ಯಾರಿಗೆ ಬರೆಯಲಿ?

ಒಳ್ಳೆಯ ಸುದ್ದಿ ಇದೆ. ಏಳು ವರ್ಷ ಮರಳು ಗುಡಿಸಿದ್ದಕ್ಕೆ ಈಗ ನನ್ನನ್ನು ಸೂಪರ್‌ವೈಸರ್ ಮಾಡಿದ್ದಾರೆ. ಬೆಳಿಗ್ಗೆ ಐದೂವರೆಗೆ ನಮ್ಮ ಹನ್ನೆರಡು ಜನ ಕಡಲ ದಂಡೆಯ ಮೇಲೆ ಸಾಲಾಗಿ ನಿಂತು ಕೆಲಸ ಶುರು ಮಾಡುತ್ತಾರೆ. ಏಳು ಗಂಟೆಗೆ ಜನ ವಾಕಿಂಗ್ ಬರುವಷ್ಟರಲ್ಲಿ ಒಂದು ಬೀಡಿ ತುಂಡೂ ಇರುವುದಿಲ್ಲ. ವಯಸ್ಸಾದವರು ಕೂರಲು ಬೆಂಚು ಹಾಕಿದ್ದಾರೆ, ಗಾಲಿ ಕುರ್ಚಿ ಇಳಿಯಲು ಹಲಗೆಯ ದಾರಿ ಮಾಡಿದ್ದಾರೆ, ಕುಡಿಯುವ ನೀರಿನ ನಲ್ಲಿ ಇಟ್ಟಿದ್ದಾರೆ. ಆಮೆ ಮೊಟ್ಟೆ ಇಟ್ಟ ಜಾಗಕ್ಕೆ ಬೇಲಿ ಕಟ್ಟಿದವನು ನಾನೇ. ನಿನ್ನ ನಾದಿನಿ ಅಂಬಿಕಾ ಸಂಜೆ ದೀಪುವನ್ನು ಕರೆದುಕೊಂಡು ಬರುತ್ತಾಳೆ. ನಮ್ಮ ಮಗಳು ಮರಳಿನಲ್ಲಿ ಆಡುವುದನ್ನು ನೋಡಿದರೆ ನಮ್ಮಂಥವರ ಮಕ್ಕಳಿಗೂ ಇಂಥ ಬಾಳು ಸಿಕ್ಕಿತಲ್ಲ ಎನಿಸುತ್ತದೆ.

ಈಗ ಒಂದು ವಿಷಯ. ಇಲ್ಲಿಯ ಪುರಸಭೆಯವರು ಹಸಿ ಕಸದಿಂದ ಗೊಬ್ಬರ ಮಾಡಿಸುತ್ತಾರೆ. ಅದನ್ನು ಕೊಳೆಸಿಡಲು ಘಟ್ಟದ ಮೇಲೆ ಜಾಗ ಹುಡುಕುತ್ತಿದ್ದಾರೆ. ಅಣೆಕಟ್ಟಿನ ಮುಳುಗಡೆಗೆ ಬದಲಾಗಿ ಅಜ್ಜನಿಗೆ ಸಿಕ್ಕ ಅರ್ಧ ಎಕರೆ ಸುಮ್ಮನೆ ಬಿದ್ದಿದೆಯಲ್ಲ, ಜಂಬಿಟ್ಟಿಗೆ ಕಲ್ಲು ಕಿತ್ತ ಹೊಂಡ, ಅದನ್ನು ಹೇಳಿದ್ದೇನೆ. ನಿಮ್ಮ ಕಡೆಯಿಂದ ಮರ ತಂದು ಇಳಿಸಿ ಖಾಲಿ ಹೋಗುವ ಲಾರಿಗಳಲ್ಲೇ ಕಳಿಸುತ್ತಾರೆ. ಆರು ತಿಂಗಳಿಗೆ ಒಳ್ಳೆಯ ಗೊಬ್ಬರ. ನಿನಗೂ ಅಕ್ಕಪಕ್ಕದವರಿಗೂ ಬಿಟ್ಟಿ. ಜಾಗ ನಿನ್ನ ಹೆಸರಿನಲ್ಲಿರುವುದರಿಂದ ಇದರ ಜೊತೆಗಿರುವ ಕಾಗದಕ್ಕೆ ಸಹಿ ಹಾಕಿ ಕಳಿಸು. ಮುಂದಿನದನ್ನು ಕಂಟ್ರಾಕ್ಟರ್ ಕಡೆಯ ಕಾಂತೇಶ್ ನೋಡಿಕೊಳ್ಳುತ್ತಾರೆ.

ಕಿವಿಗೆ ಗಾಳಿ ಹೊಡೆಯದ ಹಾಗೆ ನೋಡಿಕೋ.

ಎಂದೆಂದೂ ನಿನ್ನ ತಮ್ಮ,
ಯೋಗೇಂದ್ರ


ಮುತ್ತಿನಕೊಪ್ಪ
28 ನವೆಂಬರ್ 2023

ಚಿರಂಜೀವಿ ಯೋಗಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಬಂತು. ಮೂರು ಸಲ ಓದಿದೆ. ಕಾಗದದ ಮೇಲೆ ಅಲ್ಲಲ್ಲಿ ಕಲೆ ಕಂಡರೆ ಬೇಜಾರು ಮಾಡಿಕೊಳ್ಳಬೇಡ. ಸುಲಿಯುವ ಕಾಲ, ಅಡಿಕೆಯ ಚೊಗರು ಹತ್ತಿದ ಬೆರಳು ಎಷ್ಟು ತೊಳೆದರೂ ಬಿಡುವುದಿಲ್ಲ.

ನೀನು ಸೂಪರ್‌ವೈಸರ್ ಆದದ್ದನ್ನು ಸುಲಿಯುವ ಮನೆಯಲ್ಲಿ ಎಲ್ಲರಿಗೂ ಹೇಳಿದೆ. ಗಿರಿಯಮ್ಮ ನನ್ನ ಮುಖದೆದುರು ಬಂದು ಬಾಯಿ ಅಗಲಿಸಿ, "ಎಂತ ಮಾರಾಯ್ತಿ, ಸಮುದ್ರದ ಊರಿಂದ ಗೊಬ್ಬರ ಬರ್ತದಂತೆ? ಅಲ್ಲಿ ಉಪ್ಪು ಬಿಟ್ರೆ ಎಂತ ಇದೆ?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. "ನಗು ನಗು, ಗೊಬ್ಬರ ಬಂದ ದಿನ ಬುಟ್ಟಿ ಹಿಡ್ಕಂಡು ನೀನೇ ಮೊದಲು ಬರ್ತೀಯ" ಎಂದೆ. ಎಂಟು ಮನೆಗೂ ಹಿತ್ತಲಿಗೆ ಬೇಕಾದಷ್ಟು ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ. ತಪ್ಪಿಸಬೇಡ.

ಸಹಿಗೆಂದು ನೀನು ಕಳಿಸಿದ ಕಾಗದ ಇಂಗ್ಲಿಷಿನಲ್ಲಿದೆ. ಪಂಚಾಯಿತಿ ಮೆಂಬರ್ ಪರಮೇಶ್ವರಪ್ಪನವರ ಹತ್ತಿರ ಓದಿಸೋಣ ಎಂದು ಅವರ ಗೇಟಿನ ತನಕ ಹೋಗಿದ್ದೆ. ಆಮೇಲೆ ನನಗೇ ನಾಚಿಕೆಯಾಯಿತು. ತಮ್ಮ ಕಳಿಸಿದ ಕಾಗದವನ್ನು ಹೊರಗಿನವರಿಂದ ಓದಿಸಿ ನೋಡುವುದೆ? ವಾಪಸು ಬಂದು ದೀಪದ ಹತ್ತಿರ ಕೂತು ಸಹಿ ಹಾಕಿದೆ. ಕೆಳಗೆ ಇನ್ನೊಂದು ಸಹಿಗೆ ಜಾಗ ಖಾಲಿ ಇದೆ, ಅದು ಯಾರದ್ದೋ ಗೊತ್ತಾಗಲಿಲ್ಲ. ನೀನೇ ನೋಡಿಕೋ.

ಹೊಂಡದ ಕೆಳಗೆ ಒರತೆ ಇರುವುದು ನಿನಗೆ ಗೊತ್ತೇ ಇದೆ. ಎಂಟು ಮನೆಗೂ ಪೈಪಿನಲ್ಲಿ ಬರುವುದು ಅದೇ ನೀರು. ಅದಕ್ಕೆ ಏನೂ ಆಗುವುದಿಲ್ಲ ತಾನೆ? ನೀನು ಯೋಚನೆ ಮಾಡಿಯೇ ಇರುತ್ತೀಯ, ಆದರೂ ಕೇಳಿದೆ.

ದೀಪುವನ್ನು ನೀರಿನ ಹತ್ತಿರ ಒಬ್ಬಳನ್ನೇ ಬಿಡಬೇಡಿ.

ನಿನ್ನ ಅಕ್ಕ,
ಗುಡ್ಡಮ್ಮ


ಮುತ್ತಿನಕೊಪ್ಪ
21 ಜನವರಿ 2024

ಯೋಗಿ,

ಲಾರಿಗಳು ಬಂದು ಹೋದವು. ಎಷ್ಟು ಬಂದವೋ ಸರಿಯಾಗಿ ಗೊತ್ತಿಲ್ಲ, ನಾವೆಲ್ಲ ಕೆಲಸಕ್ಕೆ ಹೋದ ಮೇಲೆಯೇ ಬರುತ್ತಿದ್ದವು. ಒಂದು ದಿನ ಮೈ ಸರಿಯಿಲ್ಲದೆ ಮನೆಯಲ್ಲಿದ್ದೆ. ಅವತ್ತು ಎರಡು ಬಂದವು, ಎರಡಕ್ಕೂ ಟಾರ್ಪಾಲು ಬಿಗಿದಿತ್ತು. ನಾನು ಹೊಂಡದ ಹತ್ತಿರ ಹೋದಾಗ ಜೆಸಿಬಿ ಮಣ್ಣು ಮುಚ್ಚುತ್ತಿತ್ತು.

ಆ ಕಾಂತೇಶ್ ಎಂಬುವನ ಹತ್ತಿರ ಕೇಳಿದೆ. ನಾನು ಮಾತನ್ನು ತುಟಿ ನೋಡಿ ತಿಳಿಯುವವಳಲ್ಲವೆ? ಅವನು ಕತ್ತು ಆಚೆ ತಿರುಗಿಸಿಕೊಂಡೇ ಮಾತಾಡಿದ. "ಈಚೆ ನೋಡಿ ಹೇಳಪ್ಪ" ಎಂದರೆ ಆರು ಬೆರಳು ತೋರಿಸಿದ. ಆರು ತಿಂಗಳು ಅಗೆಯಬಾರದು ಎಂದು ಕಾಣುತ್ತದೆ.

ವಾಸನೆ ಬರುತ್ತಿದೆ. ನಾನೂ ಸಗಣಿ, ಸೊಪ್ಪು ಕೊಳೆಸಿದವಳೇ, ಆ ವಾಸನೆ ನನಗೆ ಗೊತ್ತು. ಇದು ಅದಲ್ಲ. ಗಿರಿಯಮ್ಮ ಹೋಗುವಾಗ ಬರುವಾಗ ಮೂಗು ಮುಚ್ಚಿಕೊಳ್ಳುತ್ತಾಳೆ, ಈಗ ನಗುವುದಿಲ್ಲ. ಒರತೆಯ ಬಗ್ಗೆ ನಾನು ಕೇಳಿದ್ದಕ್ಕೆ ನೀನು ಏನೂ ಬರೆಯಲಿಲ್ಲ. ಮರೆತಿರಬೇಕು.

ಅಕ್ಕ


ಬೈಲುಕೋಡಿ
16 ಫೆಬ್ರವರಿ 2024

ಅಕ್ಕನಿಗೆ ನಮಸ್ಕಾರ.

ಬರೆಯುವುದು ತಡವಾಯಿತು. ಇಲ್ಲಿ ಎರಡು ತಿಂಗಳು ಉಸಿರು ಬಿಡಲು ಪುರುಸೊತ್ತಿರಲಿಲ್ಲ. ಅತ್ಯುತ್ತಮ ಕಡಲತೀರದ ಪ್ರಶಸ್ತಿಗೆ ನೋಡಲು ಬರುವವರಿದ್ದರು. ಬಂದರು, ಮೂರು ದಿನ ಮೂಲೆ ಮೂಲೆ ನೋಡಿದರು, ನೀರು ಬಾಟಲಿಯಲ್ಲಿ ತುಂಬಿಕೊಂಡು ಹೋದರು. ನಮಗೇ ಬಂತು! ಇದರ ಜೊತೆ ಪೇಪರಿನ ತುಂಡು ಇಟ್ಟಿದ್ದೇನೆ. ಅಧ್ಯಕ್ಷರ ಹಿಂದೆ, ಎಡಗಡೆ, ನೀಲಿ ಟೋಪಿ ಹಾಕಿದವನು ನಾನು. ಅರ್ಧ ಮುಖ ಮಾತ್ರ ಬಿದ್ದಿದೆ.

ವಾಸನೆಗೆ ಹೆದರಬೇಡ. ಮೀನಿನ ಮಾರ್ಕೆಟ್ಟಿನ ಹಸಿಕಸ ಸ್ವಲ್ಪ ಸೇರಿರುತ್ತದೆ, ಅದಕ್ಕೆ ಹಾಗೆ. ಒಂದು ಮಳೆ ಬಿದ್ದರೆ ಎಲ್ಲ ಸರಿಹೋಗುತ್ತದೆ. ಒರತೆಗೂ ಏನೂ ಆಗುವುದಿಲ್ಲ, ಎಂಜಿನಿಯರರೇ ನೋಡಿದ್ದಾರೆ.

ನನ್ನನ್ನು ಕಾಯಂ ಮಾಡುವ ಮಾತು ನಡೆಯುತ್ತಿದೆ. ಆದರೆ ಮೊದಲು ನಿನ್ನನ್ನು ಇಲ್ಲಿಗೆ ಕರೆಸಿಕೊಂಡು ಸಮುದ್ರ ತೋರಿಸುತ್ತೇನೆ.

ಹೆಮ್ಮೆಯಿಂದ,
ನಿನ್ನ ಯೋಗಿ


ಮುತ್ತಿನಕೊಪ್ಪ
18 ಜೂನ್ 2024

ಯೋಗೇಂದ್ರನಿಗೆ,

ಒಂದು ಮಳೆ ಬಿದ್ದರೆ ಸರಿಹೋಗುತ್ತದೆ ಎಂದು ನೀನು ಬರೆದಿದ್ದೆ. ಮೃಗಶಿರಾ ಮಳೆ ನಾಲ್ಕು ದಿನ ಬಿಡದೆ ಹೊಡೆಯಿತು. ಐದನೆಯ ದಿನ ಬೆಳಿಗ್ಗೆ ಹೊಂಡದ ಕೆಳಬದಿಯ ಮಣ್ಣು ಜಾರಿತು. ನನಗೆ ಸದ್ದು ಕೇಳಲಿಲ್ಲ. ಒಲೆ ಹೊತ್ತಿಸುತ್ತಿದ್ದವಳನ್ನು ಗಿರಿಯಮ್ಮ ರಟ್ಟೆ ಹಿಡಿದು ಎಳೆದುಕೊಂಡು ಹೋದಳು.

ಅಲ್ಲಿ ಏನಿತ್ತು ಎಂದು ಬರೆಯುತ್ತೇನೆ. ಓದು. ಮಕ್ಕಳಿಗೆ ಕಟ್ಟಿ ಬಿಸಾಡುವ ಪ್ಯಾಡುಗಳು, ಒಂದಲ್ಲ ಎರಡಲ್ಲ, ರಾಶಿ. ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆಗಳು. ಹೋಟೆಲಿನ ಊಟದ ಡಬ್ಬಿ, ಬಾಟಲಿ, ಚಪ್ಪಲಿ, ಸೂಜಿ. ಸೂಜಿ ಎಂದರೆ ಬಟ್ಟೆ ಹೊಲಿಯುವ ಸೂಜಿಯಲ್ಲ. ಆ ರಾಶಿಯೊಳಗಿಂದ ಕಪ್ಪು ನೀರು ಇಳಿದು ಸೀದಾ ಒರತೆಯ ತೊಟ್ಟಿಗೆ ಹೋಗುತ್ತಿತ್ತು. ಎಲ್ಲದರ ಮೇಲೆ ಒಂದು ಹಳದಿ ಬ್ಯಾನರ್ ಸುತ್ತಿಕೊಂಡು ಬಿದ್ದಿತ್ತು. ನಾನೇ ಕೋಲಿನಿಂದ ಬಿಡಿಸಿದೆ. "ಸ್ವಚ್ಛ ಕಡಲು, ಸ್ವಸ್ಥ ಬದುಕು. ನಮ್ಮ ಬೈಲುಕೋಡಿ" ಎಂದು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಕನ್ನಡದಲ್ಲೇ ಇದ್ದದ್ದರಿಂದ ನನಗೆ ಓದಲು ಬಂತು.

ಮಣ್ಣು ಜಾರುವ ಮೊದಲೇ ಅದು ಒಸರುತ್ತಿತ್ತೆಂದು ಕಾಣುತ್ತದೆ, ಮನೆಗಳಲ್ಲಿ ಎರಡು ದಿನ ಆ ನೀರು ಕುಡಿದಾಗಿತ್ತು. ಮಳೆಗಾಲದ ಕೆಸರು ಬಣ್ಣ ಎಂದುಕೊಂಡಿದ್ದೆವು. ಗಿರಿಯಮ್ಮನ ಮೊಮ್ಮಗಳು ಅಮೂಲ್ಯಾಗೆ ವಾಂತಿ ಭೇದಿ ಹತ್ತಿತು. ನಾಲ್ಕು ವರ್ಷದ ಕೂಸು. ಎನ್.ಆರ್. ಪುರದ ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಕಣ್ಣು ಮೇಲೆ ಸಿಕ್ಕಿಸಿಕೊಂಡಿತ್ತು. ಐದು ದಿನ ಡ್ರಿಪ್ ಹಾಕಿ ಉಳಿಸಿಕೊಟ್ಟರು. ಈಗ ಮನೆಗೆ ಬಂದಿದೆ, ಇನ್ನೂ ಗೋಡೆ ಹಿಡಿದು ನಡೆಯುತ್ತದೆ.

ಆಸ್ಪತ್ರೆಯಲ್ಲಿ ನಾನು ಹಾಸಿಗೆಯ ಹತ್ತಿರ ಹೋದಾಗ ಗಿರಿಯಮ್ಮ ತಲೆಯೆತ್ತಿ ಹೇಳಿದಳು, "ನೀನೇ ಅಲ್ವಾ ಗುಡ್ಡಮ್ಮ, ಗೊಬ್ಬರ ಅಂದಿದ್ದು? ಬುಟ್ಟಿ ತಗಂಡು ಬಾ ಅಂದಿದ್ದು?" ಅವಳು ನನ್ನೆದುರು ಯಾವಾಗಲೂ ಬಾಯಿ ಅಗಲಿಸಿ ಕೂಗಿ ಮಾತಾಡುವವಳು. ಅವತ್ತು ಮೆಲ್ಲಗೆ ಹೇಳಿದಳು. ನನಗೆ ಒಂದಕ್ಷರವೂ ತಪ್ಪದೆ ತಿಳಿಯಿತು.

ನಾನು ನಿನ್ನನ್ನು ಬೈಯುವುದಿಲ್ಲ. ಆ ಕಾಂತೇಶ್ ನಿನಗೂ ಮೋಸ ಮಾಡಿರಬೇಕು ಎಂದೇ ನಂಬಿದ್ದೇನೆ. ಎಲ್ಲರಿಗೂ ಹಾಗೆಯೇ ಹೇಳಿದ್ದೇನೆ. ನಿನಗೆ ಗೊತ್ತಿರಲಿಲ್ಲ ಎಂದು ಒಂದು ಸಾಲು ಬರೆದು ಕಳಿಸು. ಒಂದೇ ಸಾಲು ಸಾಕು.

ಅಕ್ಕ


ಮುತ್ತಿನಕೊಪ್ಪ
9 ಜುಲೈ 2024

ಯೋಗೇಂದ್ರ,

ನಿನ್ನಿಂದ ಕಾಗದ ಬರಲಿಲ್ಲ. ಪೋಸ್ಟ್‌ಮ್ಯಾನ್ ದೂರದಿಂದಲೇ ಕೈಯಾಡಿಸಿ ಹೋಗುತ್ತಾನೆ.

ನಿನ್ನೆ ಪಂಚಾಯಿತಿಯಲ್ಲಿ ಸಭೆ ಕರೆದಿದ್ದರು. ಎಂಟು ಮನೆಯವರೂ ಹೋಗಿದ್ದೆವು. ಬೈಲುಕೋಡಿಯ ಪುರಸಭೆಗೆ ಇವರು ಬರೆದದ್ದಕ್ಕೆ ಅಲ್ಲಿಂದ ಉತ್ತರ ಬಂದಿತ್ತು. ಜಾಗದ ಮಾಲೀಕರು ಒಪ್ಪಿಗೆ ಕೊಟ್ಟಿದ್ದಾರೆ, ಪತ್ರ ಲಗತ್ತಿಸಿದೆ, ಎಂದು. ಪರಮೇಶ್ವರಪ್ಪನವರು ಅದನ್ನು ಕನ್ನಡದಲ್ಲಿ ಓದಿದರು. ನನಗೆ ಕಾಣಲಿ ಎಂದು ನನ್ನ ಎದುರೇ ಕುರ್ಚಿ ಎಳೆದು ಕೂತು ನಿಧಾನವಾಗಿ ಓದಿದರು. ಬೈಲುಕೋಡಿ ಪಟ್ಟಣದ ಎಲ್ಲ ಬಗೆಯ ತ್ಯಾಜ್ಯವನ್ನು ಹತ್ತು ವರ್ಷಗಳ ಕಾಲ ನನ್ನ ಜಾಗದಲ್ಲಿ ಹಾಕಲು ಗುಡ್ಡಮ್ಮ ಎಂಬ ನಾನು ಸ್ವಂತ ಇಚ್ಛೆಯಿಂದ ಒಪ್ಪಿದ್ದೇನೆ. ಮುಂದೆ ಯಾವ ತಕರಾರೂ ಮಾಡುವುದಿಲ್ಲ. ಗೊಬ್ಬರ ಎಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲವಂತೆ.

"ನನ್ನ ತಮ್ಮನಿಗೂ ಗೊತ್ತಿರ್ಲಿಲ್ಲ, ಅವನಿಗೂ ಹೀಗೇ ಮೋಸ ಮಾಡಿದಾರೆ" ಎಂದೆ.

ಪರಮೇಶ್ವರಪ್ಪನವರು ಕಾಗದ ನನ್ನ ಕಡೆ ತಿರುಗಿಸಿ, "ಸಾಕ್ಷಿ ಅಂತ ಇದೆ ನೋಡು, ಅದರ ಕೆಳಗೆ ಯಾರ ಸಹಿ, ನೀನೇ ಹೇಳು ಗುಡ್ಡಮ್ಮ" ಎಂದರು.

ನಾನು ಖಾಲಿ ಬಿಟ್ಟ ಜಾಗದಲ್ಲಿ ನಿನ್ನ ಸಹಿ ಇತ್ತು. ಕೊನೆಯ ಅಕ್ಷರವನ್ನು ಬಾಲದ ಹಾಗೆ ಉದ್ದ ಎಳೆಯಬೇಡ ಎಂದು ಸ್ಲೇಟಿನ ಮೇಲೆ ನಾನು ಎಷ್ಟು ಸಲ ಹೇಳಿದ್ದೆ. ನೀನು ಬಿಡಲೇ ಇಲ್ಲ.

ನೀನು ಪಿಯುಸಿ ಓದಿದವನು. ಇಂಗ್ಲಿಷ್ ಬರುತ್ತದೆ.

ಸಭೆ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಎದ್ದು ಹೋದರು. ನಾನು ಹಿಂದೆ ಉಳಿದೆ. ಈಗ ತೋಟದ ಕೆಲಸಕ್ಕೆ ಕರೆಯುವಾಗ ಏಳು ಮನೆಯವರನ್ನು ಕರೆಯುತ್ತಾರೆ.

ಗುಡ್ಡಮ್ಮ


ಬೈಲುಕೋಡಿ
22 ಜುಲೈ 2024

ಅಕ್ಕಾ,

ನಿನ್ನ ಎರಡೂ ಕಾಗದ ತಲುಪಿವೆ. ಮೊದಲನೆಯದಕ್ಕೆ ಉತ್ತರ ನಾಲ್ಕು ಸಲ ಬರೆದು ಹರಿದೆ. ನೀನು ಕೇಳಿದ ಒಂದು ಸಾಲು ಬರೆಯಲು ಕೈ ಬರಲಿಲ್ಲ ಎನ್ನುವುದನ್ನಾದರೂ ನಂಬು.

ನನಗೆ ಗೊತ್ತಿತ್ತು. ಎಲ್ಲವೂ ಅಲ್ಲ, ಸೂಜಿ ಇರುತ್ತದೆ ಎಂದು ನಿಜವಾಗಿಯೂ ಗೊತ್ತಿರಲಿಲ್ಲ. ಇಲ್ಲಿಯ ಕಸದ ಯಾರ್ಡ್ ತುಂಬಿ ಹೋಗಿತ್ತು. ಸುತ್ತಲಿನವರು ಗಾಡಿ ತಡೆದರು. ಪ್ರಶಸ್ತಿಯವರು ಬರಲು ಎರಡೇ ತಿಂಗಳಿತ್ತು. ಆಫೀಸಿನಲ್ಲಿ ಎಲ್ಲರನ್ನೂ ಸೇರಿಸಿ, ಯಾರ ಕಡೆಯಾದರೂ ಜಾಗ ಇದೆಯಾ ಎಂದು ಕೇಳಿದರು. ನಾನು ಇದೆ ಎಂದೆ. ಏಳು ವರ್ಷದಲ್ಲಿ ಮೊದಲ ಸಲ ನನ್ನನ್ನು ಕುರ್ಚಿ ಕೊಟ್ಟು ಕೂರಿಸಿದರು ಅಕ್ಕಾ. ಅವತ್ತೇ ಸೂಪರ್‌ವೈಸರ್ ಮಾಡಿದ್ದು. ಹಾಳು ಬಿದ್ದ ಹೊಂಡ, ಮಣ್ಣು ಮುಚ್ಚಿದರೆ ಯಾರಿಗೆ ಏನು ಗೊತ್ತಾಗುತ್ತದೆ ಎಂದುಕೊಂಡೆ. ಒರತೆ ನೆನಪಾಗಿತ್ತು. ನೆನಪಾದರೂ ಬೇಡ ಎನ್ನಲಿಲ್ಲ.

ಅಮೂಲ್ಯಾಳ ಸುದ್ದಿ ಅಂಬಿಕಾಗೆ ಹೇಳಿಲ್ಲ.

ಈಗ ಮೇಲಿನಿಂದ ವಿಚಾರಣೆ ಬಂದಿದೆ. ಇಲ್ಲಿಯವರೆಲ್ಲ ನನ್ನ ಮೇಲೆ ಹೊರಿಸಿ ಕೈ ತೊಳೆದುಕೊಳ್ಳುವ ಹಾಗಿದೆ. ಕಾಂತೇಶ್ ಒಂದು ದಾರಿ ಹೇಳಿದ್ದಾರೆ. ವಿಚಾರಣೆಗೆ ನಿನ್ನನ್ನೂ ಕರೆಯುತ್ತಾರೆ. ಅಲ್ಲಿ ನೀನು ಒಂದು ಮಾತು ಹೇಳಿದರೆ ಸಾಕು. ಕಸ ಹಾಕುತ್ತೇವೆ ಎಂದು ನಿನಗೆ ಬಾಯಲ್ಲಿ ವಿವರಿಸಿ ಹೇಳಿದ್ದರು, ನಿನಗೆ ಕಿವಿ ಸರಿಯಾಗಿ ಕೇಳದ ಕಾರಣ ಗೊಬ್ಬರ ಎಂದು ತಪ್ಪು ತಿಳಿದೆ, ಅಷ್ಟೇ. ಕಿವಿ ಕೇಳದವರ ಮೇಲೆ ಯಾರೂ ಕೇಸು ಹಾಕುವುದಿಲ್ಲ. ನಿನಗೂ ತೊಂದರೆಯಿಲ್ಲ, ನನ್ನ ಕೆಲಸವೂ ಉಳಿಯುತ್ತದೆ. ಊರಿನವರೂ ಪಾಪ ಎನ್ನುತ್ತಾರೆ.

ದೀಪುವಿನ ಮುಖ ನೋಡಿ ಇದೊಂದು ಮಾಡು. ಇನ್ನು ಯಾವತ್ತೂ ಏನೂ ಕೇಳುವುದಿಲ್ಲ.

ನಿನ್ನ ಕಾಲಿಗೆ ಬಿದ್ದು,
ಯೋಗಿ


ಮುತ್ತಿನಕೊಪ್ಪ
6 ಅಕ್ಟೋಬರ್ 2024

ಯೋಗೇಂದ್ರನಿಗೆ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಎರಡೂವರೆ ತಿಂಗಳು ಬೇಕಾಯಿತು. ವಿಚಾರಣೆಯಲ್ಲಿ ನಾನು ಏನು ಹೇಳಿದೆನೆಂದು ನಿನಗೆ ಇಷ್ಟರಲ್ಲಿ ತಿಳಿದಿರುತ್ತದೆ. ಬೇರೆಯವರಿಂದ ತಿಳಿದದ್ದು ಬೇರೆ, ನಾನು ಹೇಳುವುದು ಬೇರೆ. ಅದಕ್ಕೇ ಬರೆಯುತ್ತಿದ್ದೇನೆ.

ಸೆಪ್ಟೆಂಬರ್ ಇಪ್ಪತ್ನಾಲ್ಕಕ್ಕೆ ಬೈಲುಕೋಡಿಗೇ ಬರಲು ಹೇಳಿದ್ದರು. ಪರಮೇಶ್ವರಪ್ಪನವರು, ಗಿರಿಯಮ್ಮ, ನಾನು, ಮೂವರು ಹೊರಟೆವು. ಕೊಪ್ಪ, ಶೃಂಗೇರಿ ದಾಟಿ ಘಟ್ಟ ಇಳಿಯುವ ತನಕ ಗಿರಿಯಮ್ಮ ಮುಂದಿನ ಸೀಟಿನಲ್ಲಿದ್ದಳು, ನನ್ನ ಪಕ್ಕ ಕೂರಲಿಲ್ಲ.

ವಿಚಾರಣೆಯ ಸಾಹೇಬರು ಒಳ್ಳೆಯವರು, ಪ್ರಶ್ನೆಗಳನ್ನು ಬರೆದು ತೋರಿಸಿದರು. ನೀನು ಹೇಳಿದ್ದನ್ನೇ ಅವರೂ ಕೇಳಿದರು: "ಬಾಯಲ್ಲಿ ಹೇಳಿದ್ದು ನಿಮಗೆ ಸರಿಯಾಗಿ ಕೇಳಿಸದೆ ಇದ್ದಿರಬಹುದೆ?"

ಆಗ ನಿನ್ನ ಮುಖ ಕಣ್ಣ ಮುಂದೆ ಬಂತು. ನಿನಗೆ ಎಂಟು ವರ್ಷವಾಗಿದ್ದಾಗಿನ ಮುಖ. ದೀಪುವಿನ ಮುಖವೂ ಬಂತು, ಸುಳ್ಳು ಹೇಳುವುದಿಲ್ಲ. ಇವತ್ತಿನವರೆಗೆ ನನ್ನ ಕಿವಿಯನ್ನು ಆಡಿಕೊಂಡವರು ಬೇಕಾದಷ್ಟು ಜನ. ಅದನ್ನೇ ತೋರಿಸಿ ಅದರ ಹಿಂದೆ ಅಡಗಿಕೊಳ್ಳಲು ಬಂದವನು ನೀನೊಬ್ಬನೇ.

"ಕೇಳಿಸಿಕೊಂಡಿದ್ದಲ್ಲ ಸಾರ್, ಓದಿದ್ದು" ಎಂದೆ. ನಿನ್ನ ನವೆಂಬರ್ ತಿಂಗಳ ಕಾಗದವನ್ನು ಸೆರಗಿನಿಂದ ತೆಗೆದು ಅವರ ಮೇಜಿನ ಮೇಲಿಟ್ಟೆ. ಅವರು ಓದಿ, ಪ್ರತಿ ತೆಗೆಸಿ, ನನ್ನ ಹೇಳಿಕೆಯ ಜೊತೆ ಸೇರಿಸಿದರು. ಮೂಲ ಪ್ರತಿ ವಾಪಸು ಬೇಕಾ ಎಂದು ಕೇಳಿದರು. ಬೇಡ ಎಂದೆ.

ಹೊರಗೆ ಬಂದಾಗ ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಪರಮೇಶ್ವರಪ್ಪನವರು ಪ್ರತಿಗಳಿಗೆ ಸೀಲು ಹಾಕಿಸಲು ಉಳಿದರು. ನಾನೂ ಗಿರಿಯಮ್ಮನೂ ಸಮುದ್ರದ ಕಡೆ ನಡೆದೆವು. ನಿನ್ನ ಕಾಗದದಲ್ಲಿ ಇದ್ದದ್ದೆಲ್ಲ ಬಡಾಯಿ ಇರಬೇಕು ಎಂದುಕೊಂಡು ಹೋಗಿದ್ದೆ. ಹಾಗಿದ್ದಿದ್ದರೆ ಒಳ್ಳೆಯದಿತ್ತು. ಎಲ್ಲ ಅಲ್ಲಿ ಇತ್ತು. ಬೆಂಚಿನ ಮೇಲೆ ನನ್ನಂಥ ಹೆಂಗಸರು ಕಾಲು ಚಾಚಿ ಕೂತಿದ್ದರು. ಒಬ್ಬ ಮುದುಕರನ್ನು ಗಾಲಿ ಕುರ್ಚಿಯಲ್ಲಿ ನೀರಿನ ತನಕ ತಳ್ಳಿಕೊಂಡು ಬಂದಿದ್ದರು, ಅಲೆ ಪಾದಕ್ಕೆ ತಾಗಿದಾಗ ಅವರು ನಗುತ್ತಿದ್ದರು. ಮರಳು ಅಂಗಳ ಸಾರಿಸಿದ ಹಾಗಿತ್ತು. ಗಿರಿಯಮ್ಮ ನಲ್ಲಿ ತಿರುಗಿಸಿ ಬೊಗಸೆಯಲ್ಲಿ ನೀರು ಹಿಡಿದು ಮೂಸಿ ನೋಡಿದಳು, ಆಮೇಲೆ ಕುಡಿದಳು. ನನ್ನ ಕಡೆ ತಿರುಗಿ ತುಟಿ ಬಿಡಿಸಿ ಹೇಳಿದಳು, "ಒಳ್ಳೇ ನೀರು ಮಾರಾಯ್ತಿ."

ಮೂರು ತಿಂಗಳಲ್ಲಿ ಅವಳು ನನಗೆ ಆಡಿದ ಮೊದಲ ಮಾತು ಅದು.

ಅಲ್ಲಿಂದಲೇ ನಿನ್ನನ್ನು ನೋಡಿದೆ. ನೀಲಿ ಟೋಪಿ, ಕೈಯಲ್ಲಿ ಚೀಲ. ನಿನ್ನ ಜೊತೆ ಕೆಲಸದವರು ಯಾರೂ ಇರಲಿಲ್ಲ. ಯಾರೋ ಬಿಸಾಡಿದ ಎಳನೀರು ಕುಡಿಯುವ ಕೊಳವೆಯನ್ನು ನೀನು ಬಗ್ಗಿ ಎತ್ತಿಕೊಂಡೆ. ಅದಕ್ಕೆ ಹತ್ತಿದ ಮರಳನ್ನು ಬೆರಳಿನಿಂದ ತಿಕ್ಕಿ ತೆಗೆದು ಚೀಲಕ್ಕೆ ಹಾಕಿದೆ. ಅಷ್ಟು ಜೋಪಾನ. ನಾನು ಸಾಕಿದ ಹುಡುಗ ಎಷ್ಟು ನೀಟಾಗಿ ಕೆಲಸ ಮಾಡುತ್ತಾನೆ ಎಂದು ಒಂದು ಗಳಿಗೆ ಹೆಮ್ಮೆಯೇ ಆಯಿತು. ಆಮೇಲೆ ಮರಳಿನ ಮೇಲೆ ಕೂತುಬಿಟ್ಟೆ. ಗಿರಿಯಮ್ಮನಿಗೂ ನೀನು ಕಂಡೆ. "ಕರೀಲಾ?" ಎಂದಳು. ಬೇಡ ಎಂದೆ. ನೀನು ಈ ಕಡೆ ತಿರುಗುವ ಮೊದಲು ಎದ್ದು ಬಂದೆವು. ವಾಪಸು ಬರುವಾಗ ಅವಳು ನನ್ನ ಪಕ್ಕ ಕೂತಳು.

ಹಾಕಿದ್ದನ್ನೆಲ್ಲ ವಾಪಸು ತೆಗೆದುಕೊಂಡು ಹೋಗಬೇಕೆಂದು ಆದೇಶವಾಗಿದೆಯಂತೆ. ಇವತ್ತಿನ ತನಕ ಒಂದು ಲಾರಿಯೂ ಬಂದಿಲ್ಲ. ಒರತೆಯ ಪೈಪನ್ನು ಪಂಚಾಯಿತಿಯವರು ಕತ್ತರಿಸಿದ್ದಾರೆ. ಎರಡು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತದೆ. ಬಂದಾಗ ಹಾರ್ನ್ ಹೊಡೆಯುತ್ತಾರಂತೆ, ನನಗೆ ಕೇಳುವುದಿಲ್ಲ. ಎರಡು ಸಲ ನೀರು ತಪ್ಪಿತು. ಈಗ ಅಮೂಲ್ಯಾ ಬಂದು ಸೆರಗು ಜಗ್ಗುತ್ತದೆ.

ನಿನ್ನ ಕೆಲಸ ಹೋಯಿತೆಂದು ಅಂಬಿಕಾ ಬರೆದಿದ್ದಾಳೆ. ಮೇಲಿನವರು ಯಾರ ಕೆಲಸವೂ ಹೋಗಿಲ್ಲವಂತೆ. ಅದು ನ್ಯಾಯ ಎಂದು ನಾನು ಹೇಳುವುದಿಲ್ಲ. "ಅತ್ತಿಗೆ, ನೀವು ಕೊಟ್ಟ ಕಾಗದದಿಂದಲೇ ಹೀಗಾಯಿತು" ಎಂದೂ ಬರೆದಿದ್ದಾಳೆ. ಪಾಪ, ಅವಳಿಗೆ ಈಗಲೂ ನೀನು ಪೂರ್ತಿ ಹೇಳಿದ ಹಾಗಿಲ್ಲ. ಅವಳಿಗಾದರೂ ಹೇಳು.

ನನಗೆ ಮಾತ್ರ ಇನ್ನು ಕಾಗದ ಬರೆಯಬೇಡ ಯೋಗಿ. ಬರೆದರೆ ನಂಬಿಬಿಡುತ್ತೇನೆ.

ಗುಡ್ಡಮ್ಮ